ವಿಮಾನ ಅಲುಗಿದಾಗ ನಮಗೆ ಕನ್ನಡದಲ್ಲಿ ಒಂದು ಮಾತು ಹೇಳಿ

ಮಾನ್ಯ ಸಂಪಾದಕರೇ,

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಬಗ್ಗೆ ನಿಮ್ಮ ಪತ್ರಿಕೆಗೆ ಆಗಾಗ ಪತ್ರಗಳು ಬರುತ್ತವೆ. ಆ ಊರಿಗೆ ವಿಮಾನ ಬೇಕು, ಈ ಊರಿನದು ಯಾಕೆ ನಿಲ್ಲಿಸಿದರು, ಟಿಕೆಟ್ ದರ ಜಾಸ್ತಿ ಆಯಿತು ಅಂತೆಲ್ಲ. ಅವೆಲ್ಲ ಬೇಕಾದ ಮಾತೇ. ಆದರೆ ವಿಮಾನ ಹತ್ತಲು ಹೆದರುವವರ ಬಗ್ಗೆ ಯಾರೂ ಬರೆದದ್ದು ನಾನು ನೋಡಿಲ್ಲ. ನಾನು ಹಾಗೆ ಹೆದರುವವನು. ಅದಕ್ಕೇ ಈ ಪತ್ರ.

ನಾನು ಗೋಕಾಕದವನು. 31 ವರ್ಷ ಸರ್ಕಾರಿ ಬಸ್ ಓಡಿಸಿ 2019ರಲ್ಲಿ ನಿವೃತ್ತನಾದೆ. ನಾನು ಕೆಲಸಕ್ಕೆ ಸೇರಿದಾಗ ಕೆಎಸ್‌ಆರ್‌ಟಿಸಿ ಒಂದೇ ಇತ್ತು. 1997ರಲ್ಲಿ ನಮ್ಮ ಭಾಗ ಬೇರೆಯಾಗಿ ವಾಯವ್ಯ ಸಾರಿಗೆ ಆಯಿತು. ಬೆಂಗಳೂರಿನ ರಾತ್ರಿ ಗಾಡಿ ಓಡಿಸಿದ್ದೇನೆ. ಗೋವಾದ ಗಾಡಿಯನ್ನು ಚೋರ್ಲಾ ಘಾಟಿನಲ್ಲಿ, ಹತ್ತು ಮಾರು ಮುಂದೆ ಏನೂ ಕಾಣದ ಮಳೆಗಾಲದ ಮಂಜಿನಲ್ಲಿ ಇಳಿಸಿದ್ದೇನೆ. ಹಿಂದೆ ಐವತ್ತು ಮಂದಿ ನಿದ್ದೆ ಮಾಡುತ್ತಿದ್ದರು. ಆಗ ನನ್ನ ಕೈ ನಡುಗಿದ್ದಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ವಿಮಾನಕ್ಕೆ ಹೆದರುವವರು ಪುಕ್ಕಲು ಮಂದಿ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ.

ಮೊದಲ ಸಲ ವಿಮಾನ ಹತ್ತಿದ್ದು 2023ರ ಆಗಸ್ಟ್‌ನಲ್ಲಿ. ಮಗಳು ದೆಹಲಿಯಲ್ಲಿ ಕೆಲಸದಲ್ಲಿದ್ದಾಳೆ. ಸಾಂಬ್ರಾದಿಂದ ಬೆಂಗಳೂರು, ಅಲ್ಲಿಂದ ದೆಹಲಿ ಅಂತ ಟಿಕೆಟ್ ಅವಳೇ ತೆಗೆಸಿದ್ದಳು. ಸಾಂಬ್ರಾದಲ್ಲಿ ನಿಂತಿದ್ದು ಎಟಿಆರ್ ಎಂಬ ಸಣ್ಣ ವಿಮಾನ. ರೆಕ್ಕೆ ಮೇಲೆ, ಒಂದೊಂದು ರೆಕ್ಕೆಗೆ ಒಂದೊಂದು ದೊಡ್ಡ ಫ್ಯಾನ್, ಪ್ರತಿ ಫ್ಯಾನಿಗೆ ಆರಾರು ಎಲೆ. ನಮಗೆ ಸಿಕ್ಕಿದ್ದು ಕೊನೆಯ ಸಾಲಿನ ಸೀಟು. ಮಧ್ಯಾಹ್ನದ ಹೊತ್ತು, ಮೋಡ ಕವಿದಿತ್ತು. ಏರಿ ಐದು ನಿಮಿಷಕ್ಕೆ ಕಿಟಕಿ ತುಂಬ ಬಿಳಿ ಬಿಟ್ಟರೆ ಏನೂ ಇಲ್ಲ. ಆಮೇಲೆ ಕುಲುಕಾಟ ಶುರುವಾಯಿತು.

ರಸ್ತೆಯಲ್ಲಿ ಗುಂಡಿ ಬಂದರೆ ನನಗೆ ಮೊದಲೇ ಕಾಣುತ್ತದೆ. ಕೈ ತಾನಾಗಿ ಸ್ಟೇರಿಂಗ್ ತಿರುಗಿಸುತ್ತದೆ, ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಅಲ್ಲಿ ಗುಂಡಿ ಕಾಣುವುದಿಲ್ಲ. ಕೈಗೆ ಸ್ಟೇರಿಂಗ್ ಇಲ್ಲ. ನನ್ನ ಬಲಗಾಲು ಮಾತ್ರ ಸುಮ್ಮನೆ ಕೂರಲಿಲ್ಲ. ಬೆಂಗಳೂರು ಬರುವ ತನಕ ಮುಂದಿನ ಸೀಟಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಇಳಿಯುವಾಗ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿತ್ತು, ಮೆಟ್ಟಿಲಿನ ಮೇಲೆ ಕಾಲೂರಲು ಆಗಲಿಲ್ಲ.

ಆ ಕುಲುಕಾಟದ ನಡುವೆ ಸ್ಪೀಕರಿನಲ್ಲಿ ಏನೋ ಹೇಳಿದರು. ಮೊದಲು ಇಂಗ್ಲಿಷ್, ಆಮೇಲೆ ಹಿಂದಿ. ಎರಡೂ ಅವಸರದಲ್ಲಿ. ಆಚೆ ಬದಿಯಲ್ಲಿ ಸವದತ್ತಿ ಕಡೆಯ ಒಬ್ಬ ತಾಯಿ ಕೂತಿದ್ದರು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿ, “ಅಣ್ಣಾರ, ಏನಂದ್ರೀ ಅವ್ರು? ಕೆಳಗ ಇಳಸಾಕತ್ತಾರೇನ್ರೀ?” ಅಂದರು. ನನಗೂ ತಿಳಿದಿರಲಿಲ್ಲ. “ಗೊತ್ತಾಗ್ಲಿಲ್ರೀ ಯವ್ವಾ” ಅಂದೆ. ಅವರ ಮುಖ ಇನ್ನೂ ಬಾಡಿತು. ಅದು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಬೆಂಗಳೂರಿನಲ್ಲಿ ಇಳಿದ ಮೇಲೆ ಕಾಲೇಜಿನ ಹುಡುಗನೊಬ್ಬನನ್ನು ಕೇಳಿದೆ. “ಏನಿಲ್ಲ ಕಾಕಾ, ಮುಂದೆ ಮೋಡ ಇದೆ, ಹತ್ತು ನಿಮಿಷ ಅಲುಗುತ್ತೆ, ಬೆಲ್ಟ್ ಬಿಚ್ಚಬೇಡಿ ಅಂದ್ರು ಅಷ್ಟೇ” ಅಂದ. ಹತ್ತು ನಿಮಿಷ. ಅಷ್ಟು ಗೊತ್ತಿದ್ದರೆ ನಾನು ಗಡಿಯಾರ ನೋಡುತ್ತ ಕೂರುತ್ತಿದ್ದೆ. ಆ ತಾಯಿಯೂ ತಾಳಿ ಬಿಟ್ಟು ಕೂರುತ್ತಿದ್ದರು.

ನಾನು ಕೆಲಸ ಕಲಿಯುವಾಗ ಡಿಪೋದಲ್ಲಿ ಒಬ್ಬ ಹಿರಿಯ ಡ್ರೈವರ್ ಇದ್ದರು. ಅವರು ನನಗೆ ಹೇಳಿದ್ದು ಒಂದೇ ಮಾತು: “ಗಾಡಿ ನಿಂತ್ರ ಮೊದಲ ಮಂದಿಗೆ ಹೇಳು, ಆಮ್ಯಾಲ ಬಾನೆಟ್ ತಗಿ.” ಮೊದಮೊದಲು ಇದರ ಬೆಲೆ ನನಗೆ ತಿಳಿಯಲಿಲ್ಲ. ಒಂದು ರಾತ್ರಿ ಘಾಟಿನ ನಡುವೆ ಗಾಡಿ ಕೆಟ್ಟಿತು. ನಾನು ಸೀದಾ ಇಳಿದು ರಿಪೇರಿಗೆ ಕೈ ಹಾಕಿದೆ. ಒಳಗೆ ಗದ್ದಲವೋ ಗದ್ದಲ. ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಮಕ್ಕಳನ್ನು ಎತ್ತಿಕೊಂಡು ಕತ್ತಲಲ್ಲಿ ಇಳಿಯುತ್ತಾರೆ. ಕೊನೆಗೆ ಹತ್ತಿ ಹೇಳಿದೆ: ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆ, ತೆಗೆಯಲು ಇಪ್ಪತ್ತು ನಿಮಿಷ ಬೇಕು, ಗಾಡಿ ಗಟ್ಟಿ ನಿಂತಿದೆ, ಜಾರುವುದಿಲ್ಲ. ಎಲ್ಲರೂ ತಮ್ಮ ತಮ್ಮ ಸೀಟಿಗೆ ಹೋಗಿ ಕೂತರು. ರಿಪೇರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಒಬ್ಬರೂ ತಕರಾರು ಮಾಡಲಿಲ್ಲ. ಅಂದಿನಿಂದ ನಿವೃತ್ತಿಯ ದಿನದವರೆಗೆ ನಾನು ಆ ಮಾತು ತಪ್ಪಿಸಿಲ್ಲ. ಇಷ್ಟು ಸಣ್ಣ ವಿಷಯ ಲಕ್ಷಗಟ್ಟಲೆ ಖರ್ಚು ಮಾಡಿ ಹಾರಿಸುವ ವಿಮಾನದಲ್ಲಿ ಯಾಕಿಲ್ಲ ಅಂತ ನನಗೆ ನಿಜವಾಗಿ ಬೇಸರ.

ಆ ಪ್ರಯಾಣದ ಮೇಲೆ ಎರಡು ವರ್ಷ ನಾನು ವಿಮಾನದ ಹೆಸರು ಎತ್ತಲಿಲ್ಲ. ದೆಹಲಿಗೆ ಹೋಗಬೇಕಾದರೆ ಬೆಳಗಾವಿಯಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತುವುದು, ನಿಜಾಮುದ್ದೀನಿನಲ್ಲಿ ಇಳಿಯುವುದು. ಒಂದೂವರೆ ದಿನದ ದಾರಿ. ಹೆಂಡತಿಗೆ ಮೊಣಕಾಲು ನೋವು, ಮೇಲಿನ ಬರ್ತ್ ಸಿಕ್ಕರೆ ಅವಳ ಕಥೆ ಮುಗಿಯಿತು. ಆದರೂ ನನ್ನ ಸಲುವಾಗಿ ಬಂದಳು.

ಅದರ ನಡುವೆ 2025ರ ಜೂನ್ 12 ಬಂತು. ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ವಿಮಾನ ಏರಿದ ಕೂಡಲೇ ಬಿತ್ತು. ಒಳಗಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಉಳಿದರು. ಟಿವಿಯಲ್ಲಿ ಅದೇ ಚಿತ್ರ ಮತ್ತೆ ಮತ್ತೆ ತೋರಿಸಿದರು. ಅದೇ ವಾರ ಮಗಳು ಫೋನ್ ಮಾಡಿ ತಾನು ಮತ್ತೆ ಬಸುರಿ ಅಂತ ಹೇಳಿದಳು. ಹೆರಿಗೆ ನವೆಂಬರಿಗೆ. ಹೆಂಡತಿ ಅಂದೇ ಹೇಳಿಬಿಟ್ಟಳು: “ನೀವ್ ಟ್ರೇನಿನ್ಯಾಗ ಬರ್ರಿ. ನಾ ವಿಮಾನದಾಗ ಹೊಕ್ಕೀನಿ.” ಬೈದು ಹೇಳಿದ ಮಾತಲ್ಲ. ಮೊಣಕಾಲು ಸೋತಿತ್ತು ಅವಳದು. ಅವಳನ್ನು ಒಬ್ಬಳೇ ಕಳಿಸುವುದು ನನ್ನಿಂದ ಆಗುವ ಕೆಲಸವಲ್ಲ. ಹಾಗಾಗಿ ಕಲಿಯಲೇಬೇಕು ಅಂತ ನಿರ್ಧಾರ ಮಾಡಿದೆ.

ನಮ್ಮ ಓಣಿಯಲ್ಲಿ ವಾಯುಸೇನೆಯಿಂದ ನಿವೃತ್ತರಾದ ಒಬ್ಬರಿದ್ದಾರೆ. ವಿಮಾನದ ಮೆಕ್ಯಾನಿಕ್ ಆಗಿದ್ದವರು, ಇದೇ ಸಾಂಬ್ರಾದ ವಾಯುಸೇನೆ ಶಾಲೆಯಲ್ಲಿ ತರಬೇತಿ ಪಡೆದವರು. ಓಣಿಯವರೆಲ್ಲ ಮಿಲ್ಟ್ರಿ ಸಾಹೇಬ್ರು ಅಂತಲೇ ಕರೆಯುತ್ತೇವೆ. ಅವರ ಮನೆ ಕಟ್ಟೆಯ ಮೇಲೆ ನಾಲ್ಕು ಸಂಜೆ ಕೂತೆ. ಅವರು ಹೇಳಿದ್ದನ್ನು ನನ್ನಂಥವರಿಗೆ ಉಪಯೋಗ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಕೇಳಿದ್ದು ಅಹಮದಾಬಾದಿನ ಬಗ್ಗೆಯೇ. ಅವರು ಅದನ್ನು ಮುಚ್ಚಿಡಲಿಲ್ಲ. ವಿಮಾನ ಬೀಳುವುದೇ ಇಲ್ಲ ಅಂತ ಯಾರೂ ಹೇಳಲಾರರು ಅಂದರು. ಆಮೇಲೆ, “ನೀವು 31 ವರ್ಷ ರಸ್ತೆ ಮ್ಯಾಲ ಇದ್ದವ್ರು, ಎಷ್ಟ್ ಹೆಣ ನೋಡೀರಿ?” ಅಂತ ಕೇಳಿದರು. ನಾನು ಸುಮ್ಮನಾದೆ. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022 ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದು ನನಗೆ ಬರಿಯ ಅಂಕಿ ಅಲ್ಲ, ಕೆಲವು ಗಾಡಿಗಳ ಪಕ್ಕದಲ್ಲಿ ನಾನೇ ನಿಂತಿದ್ದೇನೆ. ಆದರೆ ಒಂದು ಮಾತು ಒಪ್ಪಬೇಕು. ಈ ಲೆಕ್ಕ ನೆಲದ ಮೇಲೆ ಕೂತಾಗ ಸಮಾಧಾನ ಕೊಡುತ್ತದೆ, ಮೇಲೆ ಅಲುಗುವಾಗ ಕೊಡುವುದಿಲ್ಲ. ಆಗ ಬೇಕಾದದ್ದು ಬೇರೆ.

ಗಾಳಿಗೂ ರಸ್ತೆ ಇದೆ ಅಂದರು ಅವರು. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುತ್ತದೆ, ಅದರ ಮೇಲೆ ಹಾಯುವಾಗ ವಿಮಾನ ಕುಲುಕುತ್ತದೆ. ಮಳೆಗಾಲದಲ್ಲಿ ಪಡುವಣ ಗಾಳಿ ಸಹ್ಯಾದ್ರಿಗೆ ಬಡಿದು ಏರಿ ಈ ಕಡೆ ಇಳಿಯುತ್ತದೆ, ಹೊಳೆಯ ನೀರು ಬಂಡೆ ದಾಟಿ ಸುಳಿ ತಿರುಗುವ ಹಾಗೆ. ಬೆಳಗಾವಿ ಘಾಟಿನ ಮಗ್ಗುಲಲ್ಲೇ ಇದೆ ಅಲ್ವಾ. ಅದರ ಮೇಲೆ, ದೊಡ್ಡ ಜೆಟ್ 35 ಸಾವಿರ ಅಡಿಗೆ ಹೋಗಿ ಹೆಚ್ಚಿನ ಮೋಡಗಳನ್ನು ಕೆಳಗೆ ಬಿಡುತ್ತದೆ. ಎಟಿಆರ್ 25 ಸಾವಿರ ಅಡಿ ದಾಟುವುದಿಲ್ಲ. ಆದ್ದರಿಂದ ಅದು ಮೋಡದೊಳಗೇ ದಾರಿ ಮಾಡಬೇಕಾಗುತ್ತದೆ. ಅದು ಕಚ್ಚಾ ರಸ್ತೆ, ಕೆಟ್ಟ ಗಾಡಿ ಅಲ್ಲ. ಈ ಮಾತು ನನಗೆ ಹಿಡಿಸಿತು.

ರೆಕ್ಕೆ ಮುರಿದರೆ ಅಂದೆ. ಪ್ರಯಾಣಿಕರ ವಿಮಾನದ ರೆಕ್ಕೆ ಅದರ ಆಯುಷ್ಯದಲ್ಲಿ ಬರಬಹುದಾದ ಅತಿ ದೊಡ್ಡ ಭಾರದ ಒಂದೂವರೆ ಪಟ್ಟು ತಡೆಯಬೇಕು, ಇಲ್ಲದಿದ್ದರೆ ಅದಕ್ಕೆ ಹಾರುವ ಪರವಾನಗಿಯೇ ಸಿಗುವುದಿಲ್ಲ ಅಂದರು. ದೊಡ್ಡ ವಿಮಾನದಲ್ಲಿ ರೆಕ್ಕೆಯ ತುದಿ ಮೇಲೆ ಕೆಳಗೆ ಬಾಗುವುದು ಕಾಣುತ್ತದೆ. ಬಾಗಲಿ ಅಂತಲೇ ಹಾಗೆ ಮಾಡಿದ್ದು, ಬಸ್ಸಿನ ಹಿಂದಿನ ಗಾಲಿಯ ಮೇಲೆ ಸ್ಪ್ರಿಂಗ್ ಪಟ್ಟಿ ಇಡುವ ಹಾಗೆ. ಎರಡು ಎಂಜಿನ್ನಿನ ವಿಮಾನ ಏರುವಾಗ ಒಂದು ಎಂಜಿನ್ ನಿಂತರೂ ಇನ್ನೊಂದರಲ್ಲೇ ಏರಿ, ತಿರುಗಿ ಬಂದು ಇಳಿಯುವಂತಿರಬೇಕು ಅನ್ನುವುದು ಕೂಡ ನಿಯಮ.

ಡ್ರೈವರ್ ಆಗಿ ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಟ್ಟಿದ್ದು ಬೇರೆ ವಿಷಯ. ಮುಂದೆ ಇಬ್ಬರು ಪೈಲಟ್ ಇರುತ್ತಾರೆ. ಒಬ್ಬರಿಗೆ ಮೈ ಸರಿ ಇಲ್ಲದಿದ್ದರೆ ಇನ್ನೊಬ್ಬರು ಇಳಿಸಬಲ್ಲರು. ಅವರ ವಾರದ ವಿಶ್ರಾಂತಿಯನ್ನು ವಿಮಾನಗಳ ನಿಯಮ ನೋಡಿಕೊಳ್ಳುವ ಕೇಂದ್ರದ ಡಿಜಿಸಿಎ 36 ಗಂಟೆಯಿಂದ 48 ಗಂಟೆಗೆ ಏರಿಸಿ 2025ರಲ್ಲಿ ಜಾರಿಗೆ ತಂದಿತು. ಡಬಲ್ ಡ್ಯೂಟಿ ಮಾಡಿದ ರಾತ್ರಿ ರೆಪ್ಪೆ ಹೇಗೆ ಭಾರವಾಗುತ್ತದೆ ಅಂತ ನನಗೆ ಗೊತ್ತು. ಆ ನಿಯಮವನ್ನು ಯಾರೂ ಸಡಿಲ ಮಾಡಬಾರದು ಅಂತ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ.

ನವೆಂಬರಿನ ಪ್ರಯಾಣಕ್ಕೆ ಬೆಳಗಿನ ವಿಮಾನ ಆರಿಸಿದೆವು. ನೆಲ ಇನ್ನೂ ಕಾಯದ ಹೊತ್ತು, ಕುಲುಕಾಟ ಕಡಿಮೆ. ಸೀಟು ರೆಕ್ಕೆಯ ಹತ್ತಿರ ಬೇಕು ಅಂತ ಮಗಳಿಗೆ ಹೇಳಿದೆ. ಇದು ನನಗೆ ಮೊದಲ ಸಲವೇ ಹೊಳೆಯಬೇಕಿತ್ತು. ಬಸ್ಸಿನಲ್ಲಿ ಹಿಂದಿನ ಉದ್ದ ಸೀಟು ಎತ್ತಿ ಒಗೆಯುತ್ತದೆ, ಎರಡು ಗಾಲಿಗಳ ನಡುವಿನ ಸೀಟು ತಣ್ಣಗಿರುತ್ತದೆ. ವಾಂತಿ ಮಾಡಿಕೊಳ್ಳುವವರನ್ನು ನಾನೇ ಎಷ್ಟು ಸಲ ನಡುವಿಗೆ ಕರೆದು ಕೂರಿಸಿದ್ದೇನೆ. ವಿಮಾನದಲ್ಲಿ ಆ ಜಾಗ ರೆಕ್ಕೆಯ ಹತ್ತಿರ. ಎಟಿಆರ್‌ನಲ್ಲಿ ಅಲ್ಲಿ ಫ್ಯಾನಿನ ಸದ್ದು ಜಾಸ್ತಿ, ಅದನ್ನು ಸಹಿಸಬೇಕು. ನಾನು ಸದ್ದನ್ನೇ ಆರಿಸಿದೆ.

ಹಿಂದಿನ ರಾತ್ರಿ ಜೋಳದ ರೊಟ್ಟಿ, ಮೊಸರು ಅಷ್ಟೇ ಉಂಡೆ. ಕಾಳಿನ ಪಲ್ಯ ಮುಟ್ಟಲಿಲ್ಲ. ಇದಕ್ಕೆ ಕಾರಣ ಇದೆ. ಜೆಟ್ ವಿಮಾನ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಅಂದರೆ ನೀವು ಸೀಟಿನಲ್ಲಿ ಕೂತೇ ಮುಳ್ಳಯ್ಯನಗಿರಿಯ ನೆತ್ತಿ ಮುಟ್ಟಿರುತ್ತೀರಿ, ಕೆಲವೊಮ್ಮೆ ಅದಕ್ಕಿಂತ ಮೇಲೆ. ಹೊಟ್ಟೆಯೊಳಗಿನ ಗಾಳಿ ಅಲ್ಲಿ ಉಬ್ಬುತ್ತದೆ. ಕಾಳು, ಸೋಡಾ ಹೊಟ್ಟೆಯಲ್ಲಿದ್ದರೆ ಸಂಕಟ. ಗಾಳಿ ಬಹಳ ಒಣ, ಆದ್ದರಿಂದ ನೀರು ಕುಡಿಯುತ್ತಿರಬೇಕು. ಚಹಾ ನಾನು ಅಂದು ಬಿಟ್ಟೆ. ಮೊದಲೇ ಎದೆ ಹೊಡೆದುಕೊಳ್ಳುವಾಗ ಚಹಾ ಅದನ್ನು ಇನ್ನೂ ಜೋರು ಮಾಡುತ್ತದೆ. ಕೆಲವರು ಒಂದು ಪೆಗ್ ಹಾಕಿಕೊಂಡು ಹತ್ತುತ್ತಾರೆ, ಅದು ತಪ್ಪು. ನಿದ್ದೆ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನುಂಗಬಾರದು.

ವಿಮಾನ ಹತ್ತಿದ ಕೂಡಲೇ ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಹೇಳಿಬಿಟ್ಟೆ: “ತಂಗಿ, ನನಗ ಹೆದರಿಕಿ ಆಗತೈತಿ.” ಇದನ್ನು ಹೇಳಲು ಮೂರು ದಿನದಿಂದ ಧೈರ್ಯ ಕೂಡಿಸಿದ್ದೆ. ದೇವರ ದಯೆ, ಆಕೆ ನಮ್ಮ ಕಡೆಯವಳು. ನಕ್ಕು, “ಏನೂ ಚಿಂತಿ ಮಾಡಬ್ಯಾಡ್ರಿ ಕಾಕಾರ, ನಾ ಬಂದು ಹೇಳ್ತೀನಿ” ಅಂದಳು. ಹೊರಡುವ ಮುಂಚೆ ನನ್ನ ಸೀಟಿನ ಹತ್ತಿರ ಬಗ್ಗಿ ಹೇಳಿದಳು: ಏರಿದ ಮೇಲೆ ಧಡ್ ಅಂತ ಸಪ್ಪಳ ಬರುತ್ತದೆ, ಅದು ಗಾಲಿ ಒಳಗೆ ಹೋದದ್ದು. ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಇಳಿಯುತ್ತದೆ, ಕೆಳಗೆ ಹೋದ ಹಾಗೆ ಅನಿಸುತ್ತದೆ, ಹೆದರಬೇಡಿ, ಏರಿಕೆಯ ಜೋರು ಕಡಿಮೆ ಮಾಡಿದ್ದು ಅಷ್ಟೇ.

ಎಲ್ಲವೂ ಆಕೆ ಹೇಳಿದ ಹಾಗೇ ಆಯಿತು. ಧಡ್ ಅಂತು. ಗಾಲಿ, ಅಂದೆ ಮನಸ್ಸಿನಲ್ಲಿ. ಸದ್ದು ಇಳಿಯಿತು. ಘಾಟಿನ ಏರು ಮುಗಿದ ಮೇಲೆ ನಾನೂ ಆಕ್ಸಿಲರೇಟರಿನಿಂದ ಕಾಲು ಸಡಿಲ ಮಾಡುತ್ತಿದ್ದೆ ಅಲ್ವಾ, ಅದೇ. ಮೊದಲ ಸಲ ಇದೇ ಹೊತ್ತಿನಲ್ಲಿ ಎಂಜಿನ್ ನಿಂತೇ ಹೋಯಿತು ಅಂತ ನಾನು ಕಣ್ಣು ಮುಚ್ಚಿದ್ದೆ. ಈ ಸಲ ಕಣ್ಣು ತೆರೆದು ಕೆಳಗೆ ನೋಡಿದೆ. ಕಬ್ಬಿನ ಹೊಲಗಳು, ನಡುವೆ ಕೆಂಪು ಹೆಂಚಿನ ಮನೆಗಳು, ಒಂದು ಟ್ರ್ಯಾಕ್ಟರ್.

ಸ್ವಲ್ಪ ಹೊತ್ತಿಗೆ ಅಲುಗಾಟ ಬಂತು. ಮಿಲ್ಟ್ರಿ ಸಾಹೇಬ್ರು ಒಂದು ಉಪಾಯ ಹೇಳಿಕೊಟ್ಟಿದ್ದರು. ಅರ್ಧ ನೀರಿರುವ ಬಾಟಲಿಯನ್ನು ಮುಂದಿನ ಟ್ರೇ ಮೇಲೆ ಇಟ್ಟು ನೀರನ್ನೇ ನೋಡಿರಿ ಅಂತ. ಇಟ್ಟೆ. ನನ್ನ ಎದೆಯಲ್ಲಿ ವಿಮಾನ ನೂರು ಅಡಿ ಬಿದ್ದ ಹಾಗೆ ಆಗುತ್ತಿತ್ತು. ಬಾಟಲಿಯ ನೀರು ಮಾತ್ರ ಬೆರಳಗಲ ಮೇಲೆ, ಬೆರಳಗಲ ಕೆಳಗೆ ಆಡುತ್ತಿತ್ತು. ಮುಚ್ಚಳ ತೆಗೆದೆ, ಒಂದು ಹನಿ ಚೆಲ್ಲಲಿಲ್ಲ. ನಾನು ಅರ್ಧ ಆಯುಷ್ಯ ಗಾಡಿ ಓಡಿಸಿದ ಎಷ್ಟೋ ರಸ್ತೆಗಳಲ್ಲಿ ಆ ಬಾಟಲಿ ಮಗುಚಿ ಬಿದ್ದಿರುತ್ತಿತ್ತು. ಹೆಂಡತಿಗೂ ತೋರಿಸಿದೆ. ಇಬ್ಬರೂ ಆ ನೀರನ್ನೇ ನೋಡುತ್ತ ಕೂತೆವು.

ಕಾಲಿನ ಮಾತು. ಬಲಗಾಲು ಮತ್ತೆ ಬ್ರೇಕ್ ಹುಡುಕಲು ಶುರು ಮಾಡಿತ್ತು. ಈ ಸಲ ಅದಕ್ಕೆ ಕೆಲಸ ಕೊಟ್ಟೆ. ಹಿಮ್ಮಡಿ ಊರಿ ಬೆರಳು ಎತ್ತುವುದು, ಬೆರಳು ಊರಿ ಹಿಮ್ಮಡಿ ಎತ್ತುವುದು, ಹತ್ತು ಸಲ. ಆಮೇಲೆ ಎರಡೂ ಕಾಲನ್ನು ಬಿಗಿ ಹಿಡಿದು ಒಮ್ಮೆಲೇ ಬಿಡುವುದು. ದೂರದ ಪ್ರಯಾಣದಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೂ ಇದು ಒಳ್ಳೆಯದು. ಉಸಿರು ನಾಲ್ಕು ಎಣಿಸುವ ತನಕ ಒಳಗೆ, ಆರು ಎಣಿಸುವ ತನಕ ಹೊರಗೆ. ಹೊರಗೆ ಬಿಡುವುದು ಉದ್ದ ಇರಬೇಕು, ಗುಟ್ಟು ಅದರಲ್ಲೇ ಇದೆ. ಗಾಳಿಯ ಮೂತಿಯನ್ನು ಮುಖಕ್ಕೆ ತಿರುಗಿಸಿಕೊಂಡೆ, ತಂಪು ಗಾಳಿ ಬಡಿದರೆ ವಾಕರಿಕೆ ಕಡಿಮೆ. ಮೊಬೈಲ್ ನೋಡಬಾರದು, ದೂರದ ದಿಗಂತ ನೋಡಬೇಕು. ಬಸ್ಸಿನಲ್ಲೂ ಇದೇ ಮಾತು.

ಬೆಲ್ಟ್ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ದೀಪ ಆರಿದರೂ ಬಿಚ್ಚಬೇಡಿ. 2024ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟ ವಿಮಾನ ಮ್ಯಾನ್ಮಾರ್ ಮೇಲೆ ಒಮ್ಮೆಲೇ ಜೋರಾಗಿ ಅಲುಗಿ ಹತ್ತಾರು ಮಂದಿಗೆ ಪೆಟ್ಟಾಯಿತು, ಒಬ್ಬರು ತೀರಿಕೊಂಡರು. ವಿಮಾನ ಮಾತ್ರ ಕ್ಷೇಮವಾಗಿ ಇಳಿಯಿತು. ಮಳೆಮೋಡ ಮೂತಿಯ ರೇಡಾರಿನಲ್ಲಿ ಪೈಲಟ್‌ಗೆ ಕಾಣುತ್ತದೆ, ಮೋಡವೇ ಇಲ್ಲದ ಕಡೆಯ ಸುಳಿಗಾಳಿ ಕಾಣುವುದಿಲ್ಲ. ಅದಕ್ಕೇ ಬೆಲ್ಟ್.

ಇಳಿಯುವಾಗ ಕಿವಿ. ಹಿಂದಿನ ಸಲ ಬೆಂಗಳೂರಿನಲ್ಲಿ ಇಳಿದ ಮೇಲೂ ಎರಡು ತಾಸು ಕಿವಿ ಮುಚ್ಚಿತ್ತು. ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಸಣ್ಣ ನಳಿಗೆ ಇದೆ, ನುಂಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ. ಮಗಳಿಗೆ ಅಂತ ನಮ್ಮೂರಿನ ಕರದಂಟು ಒಯ್ಯುತ್ತಿದ್ದೆವು. ಹೆಂಡತಿ ಅದರಲ್ಲಿ ನಾಲ್ಕು ತುಂಡು ಸಣ್ಣಗೆ ಕತ್ತರಿಸಿ ಕಾಗದದಲ್ಲಿ ಸುತ್ತಿ ನನ್ನ ಜೇಬಿಗೆ ಹಾಕಿದ್ದಳು. ಕರದಂಟು ಬಾಯಿಗೆ ಹಾಕಿದರೆ ಬೇಗ ಕರಗುವ ಪದಾರ್ಥವಲ್ಲ. ಅಂಟು ಹಲ್ಲಿಗೆ ಹಿಡಿಯುತ್ತದೆ, ಅಗಿಯಬೇಕು, ಬೆಲ್ಲದ ನೀರು ಬಿಡುತ್ತದೆ, ನುಂಗುತ್ತಿರಬೇಕು. ಒಂದು ತುಂಡು ಮುಗಿಯಲು ಐದಾರು ನಿಮಿಷ. ಎರಡು ತುಂಡು ಮುಗಿಯುವಷ್ಟರಲ್ಲಿ ನೆಲ ಹತ್ತಿರ ಬಂದಿತ್ತು, ಕಿವಿ ತೆರೆದೇ ಇತ್ತು. ಸಕ್ಕರೆ ಕಾಯಿಲೆ ಇರುವವರು ಸುಮ್ನೆ ಗುಟುಕು ಗುಟುಕು ನೀರು ಕುಡಿದರೂ ಸಾಕು. ಅಷ್ಟಕ್ಕೂ ಬಿಡದಿದ್ದರೆ ಬಾಯಿ ಮುಚ್ಚಿ, ಮೂಗು ಹಿಡಿದು, ಮೆಲ್ಲಗೆ ಊದಬೇಕು, ಜೋರಾಗಿ ಅಲ್ಲ. ಇಳಿಯುವಾಗ ನಿದ್ದೆ ಬೇಡ. ಕೂಸುಗಳಿಗೆ ಆ ಹೊತ್ತಿಗೆ ಹಾಲು ಕುಡಿಸಬೇಕು. ನೆಗಡಿ ಜೋರಿದ್ದರೆ ಪ್ರಯಾಣ ಮುಂದೆ ಹಾಕುವುದೇ ಲೇಸು.

ಬೆಂಗಳೂರಿನಿಂದ ದೆಹಲಿಗೆ ಹೋಗಿದ್ದು ಏರ್‌ಬಸ್ 320. ಅದು ನೆಲದ ಮೇಲೆ ನಿಂತಾಗಲೇ ಕಾಲ ಕೆಳಗೆ ಗರಗಸದಲ್ಲಿ ಕಟ್ಟಿಗೆ ಕೊಯ್ದ ಹಾಗೆ ಸದ್ದು ಮಾಡುತ್ತದೆ. ಬ್ರೇಕು, ರೆಕ್ಕೆಯ ಪಟ್ಟಿ ಎಲ್ಲ ಆಡಿಸುವ ಎಣ್ಣೆಯ ಒತ್ತಡವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಕೊಡುವ ಯಂತ್ರದ ಸದ್ದು ಅದು. ಮಿಲ್ಟ್ರಿ ಸಾಹೇಬ್ರು ಮೊದಲೇ ಹೇಳಿದ್ದರು. ಇಲ್ಲದಿದ್ದರೆ ಈ ಗಾಡಿ ರಿಪೇರಿಗೆ ಬಂದಿದೆ, ಡಿಪೋಕ್ಕೆ ಕಳಿಸಿ ಅಂತ ನಾನು ಎದ್ದು ನಿಲ್ಲುತ್ತಿದ್ದೆ. ದೆಹಲಿಯಲ್ಲಿ ಗಾಲಿ ನೆಲ ಮುಟ್ಟಿದ ಮೇಲೆ ಎಂಜಿನ್ ಮತ್ತೆ ಅಬ್ಬರಿಸಿತು. ಅದು ವೇಗ ತಗ್ಗಿಸಲು ಗಾಳಿಯನ್ನು ಮುಂದಕ್ಕೆ ತಿರುಗಿಸಿದ್ದು. ಹೆಂಡತಿ ನನ್ನ ಕೈ ಹಿಡಿದಳು. ನಾನು ಅವಳಿಗೆ ಹೇಳಿದೆ. ಹೇಳುವಾಗ ನನಗೇ ನನ್ನ ಹೆದರಿಕೆ ಇಳಿದದ್ದು ತಿಳಿಯಿತು.

ಆ ಹುಡುಗಿ ನಮ್ಮ ಕಡೆಯವಳಾಗಿದ್ದು ನನ್ನ ಅದೃಷ್ಟ. ಅಂದು ಆಕೆಯ ಡ್ಯೂಟಿ ಇಲ್ಲದಿದ್ದರೆ? ಸವದತ್ತಿಯ ಆ ತಾಯಿಗೆ ಅಂಥ ಅದೃಷ್ಟ ಇರಲಿಲ್ಲ. ಹವಾಯಿ ಚಪ್ಪಲಿ ಹಾಕುವವರೂ ವಿಮಾನ ಹತ್ತಬೇಕು ಅಂತ ಹೇಳಿಯೇ ಸರ್ಕಾರ ಉಡಾನ್ ಯೋಜನೆ ತಂದಿತು. ಸಾಂಬ್ರಾದಲ್ಲಿ 2017ರಲ್ಲಿ ಹೊಸ ಕಟ್ಟಡ ಆಯಿತು. ಚಪ್ಪಲಿಯವರು ಹತ್ತುತ್ತಿದ್ದಾರೆ ಕೂಡ. ಅವರಿಗೆ ತಿಳಿಯುವ ಮಾತು ಮಾತ್ರ ಇನ್ನೂ ವಿಮಾನ ಹತ್ತಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಸಾಂಬ್ರಾದಿಂದ ಏರುವ, ಸಾಂಬ್ರಾಕ್ಕೆ ಇಳಿಯುವ ಪ್ರತಿ ವಿಮಾನದಲ್ಲಿ ಸುರಕ್ಷತೆಯ ಮಾತು ಕನ್ನಡದಲ್ಲೂ ಇರಬೇಕು. ಸಿಬ್ಬಂದಿಗೆ ಕನ್ನಡ ಬಾರದಿದ್ದರೆ ರೆಕಾರ್ಡ್ ಮಾಡಿಟ್ಟು ಹಾಕಲಿ. ಅದರಲ್ಲೂ ಆ ಅಲುಗಾಟದ ಮಾತು. ಯಾಕೆ ಅಲುಗುತ್ತಿದೆ, ಸುಮಾರು ಎಷ್ಟು ಹೊತ್ತು, ಏನು ಮಾಡಬೇಕು. ಮೂರೇ ವಾಕ್ಯ. ನಮ್ಮ ಕಂಡಕ್ಟರುಗಳು ಒಂದೇ ಬಸ್ಸಿನಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಮಾತಾಡಿ ಟಿಕೆಟ್ ಕೊಡುತ್ತಾರೆ. ಮರಾಠಿ ಮಾತಾಡುವವರು ಈ ಜಿಲ್ಲೆಯಲ್ಲಿ ಬಹಳ ಇದ್ದಾರೆ, ಅವರಿಗೂ ಅವರ ಮಾತಿನಲ್ಲಿ ಹೇಳಿದರೆ ನನಗೆ ಸಂತೋಷವೇ. ಹೆದರಿಕೆ ಎಲ್ಲರದ್ದೂ ಒಂದೇ.

ವಿಮಾನಕ್ಕೆ ಕಾಯುವ ಜಾಗದಲ್ಲಿ ಒಂದು ಬೋರ್ಡು ಹಾಕಬಹುದು. ಅಲ್ಲಿ ಮಂದಿ ಒಂದು ತಾಸು ಗೋಡೆ ನೋಡುತ್ತಲೇ ಕೂತಿರುತ್ತಾರೆ. ಯಾವ ಸಪ್ಪಳ ಯಾವುದರದು, ಕಿವಿ ಮುಚ್ಚಿದರೆ ಏನು ಮಾಡಬೇಕು, ಹೆದರಿಕೆ ಆದರೆ ಯಾರಿಗೆ ಹೇಳಬೇಕು ಅಂತ ದಪ್ಪ ಅಕ್ಷರದಲ್ಲಿ. ಇನ್ನೊಂದು, ಮೊದಲ ಸಲ ಹಾರುವ ವಯಸ್ಸಾದವರು ಕೇಳಿದರೆ ರೆಕ್ಕೆಯ ಹತ್ತಿರದ ಸೀಟನ್ನು ಬೇರೆ ದುಡ್ಡು ಕೇಳದೆ ಕೊಡಲಿ. ನಾವು ಈ ಸಲ ಸೀಟು ಆರಿಸಲು ಬೇರೆಯೇ ದುಡ್ಡು ಕಟ್ಟಿದೆವು. ನಮಗೆ ಮಗಳಿದ್ದಳು, ಕಟ್ಟಿದಳು. ಎಲ್ಲರ ಮನೆಯಲ್ಲೂ ಹಾಗೆ ಇರುವುದಿಲ್ಲ.

ವಿಜಯಪುರದ ಬುರಣಾಪುರದಲ್ಲೂ ವಿಮಾನ ನಿಲ್ದಾಣ ಕಟ್ಟುತ್ತಿದ್ದಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಮಂದಿ, ಬಾಗಲಕೋಟೆ ಕಡೆಯವರು ಅಲ್ಲಿ ಮೊದಲ ಸಲ ವಿಮಾನ ಹತ್ತುತ್ತಾರೆ. ಅಲ್ಲಿ ಮೊದಲ ದಿನದಿಂದಲೇ ಇದನ್ನೆಲ್ಲ ಮಾಡಬಹುದು. ನಮ್ಮ ಸಂಸದರು, ಆ ಭಾಗದ ಸಂಸದರು ಇಬ್ಬರೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು ಅಂತ ಕೈಮುಗಿದು ಕೇಳುತ್ತೇನೆ.

ಮೊಮ್ಮಗ ಈಗ ಕೂಸು. ಜಾವಳ ಇಲ್ಲೇ, ಮನೆದೇವರಲ್ಲಿ ಮಾಡಬೇಕು ಅಂತ ಮಾತಾಗಿದೆ. ಅವರನ್ನು ಕರೆತರಲು ನಾನೂ ನನ್ನ ಹೆಂಡತಿಯೂ ಮತ್ತೆ ಸಾಂಬ್ರಾದಿಂದ ಹೋಗುತ್ತೇವೆ, ಬೆಳಗಿನ ವಿಮಾನದಲ್ಲೇ. ಮಿಲ್ಟ್ರಿ ಸಾಹೇಬ್ರ ಜೊತೆ ಕೂತು ಆ ಸಪ್ಪಳಗಳನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇನೆ, ಸರಿ ಇದೆಯೇ ಅಂತ ಅವರು ಎರಡು ಸಲ ಓದಿ ತಿದ್ದಿದ್ದಾರೆ. ಅದರ ಹತ್ತು ಜೆರಾಕ್ಸ್ ಮಾಡಿಸಿದ್ದೇನೆ. ನಿಲ್ದಾಣದವರಿಗೆ ಬೇಕಾದರೆ ಒಂದನ್ನು ಅವರಿಗೆ ಕೊಡುತ್ತೇನೆ, ಉಳಿದದ್ದನ್ನು ಅಂದು ಪಕ್ಕದಲ್ಲಿ ಕೂತವರಿಗೆ ಹಂಚುತ್ತೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಬಸ್ ಚಾಲಕ
ಗೋಕಾಕ, ಬೆಳಗಾವಿ ಜಿಲ್ಲೆ